ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹುಡುಗರ ಆಟದಲ್ಲಿ ಒಂದು ಹಳೆಯ ಕಾನೂನಿದೆ. ತೀರ ಚಿಕ್ಕವನೊಬ್ಬ 'ನನ್ನನ್ನೂ ಸೇರಿಸ್ಕೊಳ್ರೋ' ಎಂದು ಗೋಗರೆದರೆ ಅವನನ್ನು ಓಡಿಸುವ ಹಾಗಿಲ್ಲ. ಓಡಿಸಿದರೆ ಅವನ ಅಮ್ಮ ಬರುತ್ತಾಳೆ. ಸೇರಿಸಿಕೊಂಡರೂ ಕಷ್ಟ, ಔಟಾದರೆ ಅಳುತ್ತಾನೆ. ಅದಕ್ಕೇ ನಮ್ಮ ಹಿರಿಯರು ಒಂದು ನಡುದಾರಿ ಕಂಡುಹಿಡಿದರು: 'ಆಟಕ್ಕುಂಟು, ಲೆಕ್ಕಕ್ಕಿಲ್ಲ.' ಅವನು ಓಡಬಹುದು, ಬೀಳಬಹುದು, ಮೊಣಕಾಲು ತರಚಿಕೊಳ್ಳಬಹುದು. ಆದರೆ ಅವನ ಓಟ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಇದೇ ಪ್ರಾಣಿಗೆ ನಮ್ಮ ಮುಂಬಯಿಯ ಚಾಳುಗಳಲ್ಲಿ 'ಕಚ್ಚಾ ಲಿಂಬೂ' ಅಂತ ಹೆಸರು. ಭಾಷೆ ಬೇರೆಯಾದರೂ ಅವಮಾನ ಒಂದೇ ನೋಡಿ!

ಈ ಪಟ್ಟ ಆರು ವರ್ಷದ ಪೋರನಿಗೆ ಸಿಕ್ಕರೆ ನಕ್ಕುಬಿಡಬಹುದು. ಆದರೆ ಮೂವತ್ತೊಂದು ವರ್ಷದ ಗಂಡಸಿಗೆ, ಅದೂ ಲಾರ್ಡ್ಸ್ ಮೈದಾನದಲ್ಲಿ, ದೇಶದ ಟೋಪಿ ಹಾಕಿಕೊಂಡು ಆಡಿದ ಮೇಲೆ ಸಿಕ್ಕರೆ? ಹಾಗೆ ಸಿಕ್ಕವರೊಬ್ಬರಿದ್ದಾರೆ. ಹೆಸರು ಆಲನ್ ಜೋನ್ಸ್. ಗ್ಲಾಮೊರ್ಗನ್ ಕೌಂಟಿಯ ಎಡಗೈ ಆರಂಭ ಆಟಗಾರರು. ನಮ್ಮ ಕಾಲೇಜಿನ ಕ್ರಿಕೆಟ್ ಪಂಡಿತರಲ್ಲಿ ನಾಲ್ಕು ಮಂದಿಯನ್ನು ಕೇಳಿದೆ. ನಾಲ್ವರೂ 'ಯಾರಪ್ಪಾ ಅದು?' ಎಂದರು. ಅದೇ ಕಾರಣಕ್ಕೆ ಈ ಪ್ರಬಂಧ.

ನನಗೊಂದು ಚಟ. ಕ್ರಿಕೆಟ್ ಪುಸ್ತಕ ಸಿಕ್ಕಿದರೆ ಮೊದಲು ತೆರೆಯುವುದು ಹಿಂದಿನ ಪುಟಗಳನ್ನು. ಅಲ್ಲಿ ಅಂಕಿ-ಅಂಶಗಳ ಕೋಷ್ಟಕಗಳಿರುತ್ತವೆ. ಬ್ರಾಡ್ಮನ್, ಹಾಬ್ಸ್, ಗವಾಸ್ಕರ್ ಇವರ ಪಟ್ಟಿಗಳನ್ನು ಎಲ್ಲರೂ ಓದುತ್ತಾರೆ. ನನಗೆ ಪ್ರೀತಿ ಇನ್ನೊಂದು ಪಟ್ಟಿಯ ಮೇಲೆ: ಒಂದೂ ಟೆಸ್ಟ್ ಆಡದೆ ಅತಿ ಹೆಚ್ಚು ರನ್ ಹೊಡೆದವರ ಪಟ್ಟಿ. ದೇವಸ್ಥಾನದ ಹೊರಗೆ ನಿಂತು ಒಳಗಿನವರಿಗಿಂತ ಹೆಚ್ಚು ಪ್ರದಕ್ಷಿಣೆ ಹಾಕಿದವರ ಪಟ್ಟಿ ಅದು. ಅದರಲ್ಲಿ ಮೊದಲ ಹೆಸರು ಆಲನ್ ಜೋನ್ಸ್; ಪ್ರಥಮ ದರ್ಜೆಯಲ್ಲಿ 36,049 ರನ್. ಸಸೆಕ್ಸಿನ ಜಾನ್ ಲ್ಯಾಂಗ್ರಿಜ್ ಅವರು ಮೂವತ್ತನಾಲ್ಕು ಸಾವಿರಕ್ಕಿಂತ ಹೆಚ್ಚು ಹೊಡೆದು ಅವರ ಹಿಂದೆ ನಿಂತಿದ್ದಾರೆ. ಇನ್ನೂ ವಿಚಿತ್ರ ಕೇಳಿ. ಟೆಸ್ಟ್ ಆಡದೆ ಅತಿ ಹೆಚ್ಚು ವಿಕೆಟ್ ಕಿತ್ತವರ ಪಟ್ಟಿಯಲ್ಲೂ ಮೊದಲ ಹೆಸರು ಗ್ಲಾಮೊರ್ಗನ್ನಿನವರದೇ: ಡಾನ್ ಶೆಪರ್ಡ್, 2,218 ವಿಕೆಟ್. ಒಂದೇ ಕೌಂಟಿಯ ಮನೆಯಲ್ಲಿ ಇಬ್ಬರು ಮದುಮಕ್ಕಳು, ಇಬ್ಬರಿಗೂ ದಿಬ್ಬಣವಿಲ್ಲ!

ಗ್ಲಾಮೊರ್ಗನ್ ಇರುವುದು ಇಂಗ್ಲೆಂಡಿನಲ್ಲಲ್ಲ, ವೇಲ್ಸಿನಲ್ಲಿ. ಕಲ್ಲಿದ್ದಲು, ಉಕ್ಕು, ರಗ್ಬಿ ಆಟ, ಮಳೆ, ಮತ್ತು ಇಂಗ್ಲಿಷಿಗಿಂತ ತೀರ ಬೇರೆಯಾದ ತನ್ನದೇ ಒಂದು ಭಾಷೆ ಇರುವ ನಾಡು. ಕೌಂಟಿ ಚಾಂಪಿಯನ್‌ಷಿಪ್ಪಿನಲ್ಲಿ ವೇಲ್ಸಿನದು ಇದೊಂದೇ ತಂಡ, ಸೇರಿದ್ದು 1921ರಲ್ಲಿ. ವೇಲ್ಸಿಗೆ ಬೇರೆ ಟೆಸ್ಟ್ ತಂಡವಿಲ್ಲ. ಆದ್ದರಿಂದ ಅಲ್ಲಿಯ ಹುಡುಗ ಎಷ್ಟೇ ಚೆನ್ನಾಗಿ ಆಡಿದರೂ ಕೊನೆಗೆ 'ಇಂಗ್ಲೆಂಡ್' ಎಂಬ ಹೆಸರಿನಲ್ಲೇ ಆಡಬೇಕು. ಒಂದು ಭಾಷೆಯ ಮನೆಯಲ್ಲಿ ಹುಟ್ಟಿ ಇನ್ನೊಂದು ಭಾಷೆಯ ಊರಿನಲ್ಲಿ ಹೆಸರು ಮಾಡಬೇಕಾದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೋನ್ಸ್ ಹುಟ್ಟಿದ್ದು 1938ರ ನವೆಂಬರ್ 4ರಂದು, ಸ್ವಾನ್ಸೀ ಪಟ್ಟಣದ ಹತ್ತಿರದ ವೆಲಿಂಡ್ರ ಎಂಬಲ್ಲಿ. ಗ್ಲಾಮೊರ್ಗನ್ ಪರ ಮೊದಲು ಆಡಿದ್ದು 1957ರಲ್ಲಿ, ಕೊನೆಗೆ ಆಡಿದ್ದು 1983ರಲ್ಲಿ. ಅವರ ತಮ್ಮ ಐಫಿಯನ್ ಅದೇ ತಂಡದ ವಿಕೆಟ್ ಕೀಪರ್. ಅಣ್ಣ ಮೊದಲು ಹೋಗಿ ಹೊಸ ಚೆಂಡಿನ ಏಟು ತಿನ್ನುವುದು, ತಮ್ಮ ವಿಕೆಟ್ಟಿನ ಹಿಂದೆ ಕೂತು ದಿನವಿಡೀ ಬಸ್ಕಿ ಹೊಡೆಯುವುದು. ಹೀಗೆ ವರ್ಷಾನುಗಟ್ಟಲೆ ಸಂಸಾರ ನಡೆಯಿತು.

ಕೌಂಟಿ ಎಂದರೆ ನಮಗೆ ಗೊತ್ತಿರುವುದು ನಮ್ಮವರು ಹೋಗಿ ಬಂದ ಕೌಂಟಿ. ಲ್ಯಾಂಕಷೈರಿಗೆ ಎಂಜಿನಿಯರ್, ನಾರ್ಥಾಂಪ್ಟನ್‌ಷೈರಿಗೆ ಬೇಡಿ. ಅದೇ ನಾರ್ಥಾಂಪ್ಟನ್‌ಷೈರಿಗೆ 1995ರಲ್ಲಿ ನಮ್ಮ ಕುಂಬ್ಳೆ ಹೋಗಿ ಒಂದೇ ಋತುವಿನಲ್ಲಿ 105 ವಿಕೆಟ್ ತೆಗೆದರು. ಇವರೆಲ್ಲ ಹಬ್ಬಕ್ಕೆ ಬಂದ ನೆಂಟರು. ಮನೆಯವರ ಪಾಡು ಬೇರೆ. ಏಪ್ರಿಲಿನ ಚಳಿಯಿಂದ ಸೆಪ್ಟೆಂಬರಿನ ಮಂಜಿನವರೆಗೆ ಆಟ. ಜೋನ್ಸರ ಕಾಲದಲ್ಲಿ ಮೂರು ದಿನದ ಪಂದ್ಯಗಳು. ಒಂದು ಊರಿನಲ್ಲಿ ಸಂಜೆ ಆಟ ಮುಗಿಸಿ, ಕಿಟ್ ಚೀಲ ಕಾರಿಗೆ ತುಂಬಿ, ರಾತ್ರಿಯೆಲ್ಲ ಓಡಿಸಿ, ಇನ್ನೊಂದು ಊರಿನಲ್ಲಿ ಬೆಳಿಗ್ಗೆ ಮತ್ತೆ ಪ್ಯಾಡು ಕಟ್ಟಬೇಕು. 1969ರಿಂದ ಭಾನುವಾರಕ್ಕೂ ಒಂದು ಲೀಗ್ ಬಂತು. ಇದ್ದೊಂದು ರಜೆಯೂ ಹೋಯಿತು. ಚಳಿಗಾಲದಲ್ಲಿ ಬಹಳ ಮಂದಿಗೆ ಸಂಬಳವಿಲ್ಲ. ಬೇರೆ ಏನಾದರೂ ಕೆಲಸ ಹುಡುಕಬೇಕು. ಹತ್ತು ವರ್ಷ ಹೀಗೆ ದುಡಿದವನಿಗೆ 'ಬೆನಿಫಿಟ್' ಅಂತ ಒಂದು ವರ್ಷ ಕೊಡುತ್ತಿದ್ದರು. ಆ ವರ್ಷ ಅವನ ಹೆಸರಿನಲ್ಲಿ ಮೈದಾನದ ಸುತ್ತ ಡಬ್ಬಿ ತಿರುಗುತ್ತದೆ. ಊರವರು ಚಿಲ್ಲರೆ ಹಾಕುತ್ತಾರೆ. ಆ ಚಿಲ್ಲರೆಗೂ ಆದಾಯ ತೆರಿಗೆ ಕೊಡಬೇಕೇ ಬೇಡವೇ ಎಂದು ಕೆಂಟ್ ಕೌಂಟಿಯ ಜೇಮ್ಸ್ ಸೀಮೋರ್ ಎಂಬ ಆಟಗಾರರ ಪ್ರಕರಣ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿತ್ತು. 1927ರಲ್ಲಿ 'ಬೇಡ' ಎಂದು ತೀರ್ಪಾಯಿತು. ಅದು ಸಂಬಳವಲ್ಲ, ಪ್ರೀತಿಯ ಕಾಣಿಕೆ ಅಂತ ಲೆಕ್ಕ.

ಈ ಗಾಣದಲ್ಲಿ ಜೋನ್ಸ್ ಇಪ್ಪತ್ತೇಳು ವರ್ಷ ತಿರುಗಿದರು. ಒಂದು ಋತುವಿನಲ್ಲಿ ಸಾವಿರ ರನ್ ಹೊಡೆದರೆ ಕೌಂಟಿ ಆಟಗಾರ ಪಾಸಾದ ಹಾಗೆ. 1961ರಿಂದ 1983ರ ತನಕ, ಒಂದು ವರ್ಷವೂ ತಪ್ಪದೆ, ಇಪ್ಪತ್ತಮೂರು ಸಲ ಜೋನ್ಸ್ ಪಾಸಾದರು. 56 ಶತಕಗಳು. ಅವರ ಅತಿ ಹೆಚ್ಚಿನ ಮೊತ್ತ ಔಟಾಗದೆ 204. ಅದನ್ನು ಹೊಡೆದದ್ದು 1980ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ! 1969ರಲ್ಲಿ ಗ್ಲಾಮೊರ್ಗನ್ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆದಾಗ ಅವರು ಆ ತಂಡದಲ್ಲಿದ್ದರು. 1977ರಲ್ಲಿ ತಂಡ ಜಿಲೆಟ್ ಕಪ್ ಫೈನಲಿಗೆ ಹೋದಾಗ ಅವರೇ ನಾಯಕರು. ಲಾರ್ಡ್ಸಿನಲ್ಲಿ ಮಿಡ್ಲ್‌ಸೆಕ್ಸಿನ ಎದುರು ಸೋತರು. ಸರಾಸರಿ ನೋಡಿದರೆ 32.89. ಬೆಚ್ಚಿ ಬೀಳುವ ಅಂಕಿಯಲ್ಲ, ಒಪ್ಪುತ್ತೇನೆ. ಒದ್ದೆ ಪಿಚ್ಚು, ಮೋಡದ ಆಕಾಶ, ದಿನವೂ ಹೊಸ ಚೆಂಡು. ಅದರಲ್ಲಿ ಮೂವತ್ತೆರಡು ಎನ್ನುವುದು ಮನೆ ಬಾಡಿಗೆ, ರೇಷನ್ನು, ಮಕ್ಕಳ ಫೀಸು ಎಲ್ಲ ತಿಂಗಳು ತಿಂಗಳು ಕಟ್ಟಿದವರ ಸರಾಸರಿ.

ಈಗ ಆ ಐದು ರನ್ನಿನ ಕಥೆಗೆ ಬರೋಣ.

1970ರ ಬೇಸಗೆಯಲ್ಲಿ ದಕ್ಷಿಣ ಆಫ್ರಿಕದ ತಂಡ ಇಂಗ್ಲೆಂಡಿಗೆ ಬರಬೇಕಾಗಿತ್ತು. ವರ್ಣಭೇದವನ್ನೇ ಕಾನೂನು ಮಾಡಿಕೊಂಡಿದ್ದ ದೇಶ, ಬರೀ ಬಿಳಿಯರ ತಂಡ. ಎರಡು ವರ್ಷದ ಹಿಂದೆ, ಕೇಪ್ ಟೌನಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಆಡುತ್ತಿದ್ದ ಬೇಸಿಲ್ ಡಿ ಒಲಿವೇರಾ ಅವರನ್ನು ತಂಡದಲ್ಲಿ ಕಂಡು, ಮೈಬಣ್ಣದ ಕಾರಣಕ್ಕೆ ಆ ದೇಶ ಇಂಗ್ಲೆಂಡ್ ತಂಡವನ್ನೇ ಬರಬೇಡಿ ಎಂದಿತ್ತು. ಅಂಥವರನ್ನು ಕರೆದು ಆಡಿಸುವುದೇ ಎಂದು ಇಂಗ್ಲೆಂಡಿನ ಯುವಜನ ಬೀದಿಗಿಳಿದರು. ಮುಂದಾಳು ಪೀಟರ್ ಹೇನ್ ಎಂಬ ತರುಣ. ಕೊನೆಗೆ ಮೇ ತಿಂಗಳಲ್ಲಿ ಸರಕಾರವೇ ಹೇಳಿ ಪ್ರವಾಸ ರದ್ದಾಯಿತು. ಒಳ್ಳೆಯದೇ ಆಯಿತು. ಆದರೆ ಬೇಸಗೆ ಖಾಲಿ ಉಳಿಯಿತಲ್ಲ! ಅದಕ್ಕೆ ಗ್ಯಾರಿ ಸೋಬರ್ಸ್ ನಾಯಕತ್ವದಲ್ಲಿ 'ಜಗತ್ತಿನ ಉಳಿದವರು' ಎಂಬ ತಂಡ ಕಟ್ಟಿ ಐದು ಪಂದ್ಯ ಏರ್ಪಡಿಸಿದರು. ಸೋಬರ್ಸ್, ಕನ್ಹಾಯ್, ಲಾಯ್ಡ್ ಅವರ ಜೊತೆಗೆ ದಕ್ಷಿಣ ಆಫ್ರಿಕದ ಬಿಳಿಯರೂ ಒಂದೇ ಡ್ರೆಸಿಂಗ್ ರೂಮಿನಲ್ಲಿ ಕೂತರು. ಅವರ ಊರಿನಲ್ಲಾಗಿದ್ದರೆ ಕೂರುವಂತಿರಲಿಲ್ಲ.

ಇಂಗ್ಲೆಂಡಿನವರು ಇವನ್ನು ಟೆಸ್ಟ್ ಎಂದೇ ಆಡಿಸಿದರು. ಆಟಗಾರರಿಗೆ ಟೋಪಿಯನ್ನೂ ಕೊಟ್ಟರು. ಜೂನ್ 17ರಂದು ಲಾರ್ಡ್ಸಿನಲ್ಲಿ ಮೊದಲ ಪಂದ್ಯ. ಲಕ್‌ಹರ್ಸ್ಟ್ ಜೊತೆ ಇನ್ನಿಂಗ್ಸ್ ಆರಂಭಿಸಿದವರು ನಮ್ಮ ಜೋನ್ಸ್. ಹದಿಮೂರು ವರ್ಷ ಕಾದು ಬಂದ ಕರೆ. ಏನಾಯಿತು? ಮೊದಲ ಸಲ: ಕ್ಯಾಚ್ ಎಂಜಿನಿಯರ್, ಬೌಲರ್ ಪ್ರಾಕ್ಟರ್, 5. ಎರಡನೆಯ ಸಲ: ಕ್ಯಾಚ್ ಎಂಜಿನಿಯರ್, ಬೌಲರ್ ಪ್ರಾಕ್ಟರ್, 0. ಹೌದು, ಆ ಎಂಜಿನಿಯರ್ ನಮ್ಮ ಮುಂಬಯಿಯ ಫಾರೂಖ್ ಎಂಜಿನಿಯರೇ. ಎರಡು ಸಲವೂ ಬಾಗಿಲು ಮುಚ್ಚಿದ ಕೈಗಳು ನಮ್ಮ ಊರಿನವು.

ಪಂದ್ಯವನ್ನು ಇಂಗ್ಲೆಂಡ್ ಇನ್ನಿಂಗ್ಸ್ ಅಂತರದಲ್ಲಿ ಸೋತಿತು. ಮೊದಲ ಇನ್ನಿಂಗ್ಸಿನಲ್ಲಿ ಇಡೀ ತಂಡ ಹೊಡೆದದ್ದು 127. ಸೋಬರ್ಸ್ 21 ರನ್ನಿಗೆ ಆರು ವಿಕೆಟ್ ತೆಗೆದು, ಆಮೇಲೆ ತಾವೇ 183 ಹೊಡೆದರು. ಅಂಥ ಬಿರುಗಾಳಿಯಲ್ಲಿ ಹಾರಿಹೋದ ಒಂದು ಹಂಚು ನಮ್ಮ ಜೋನ್ಸ್. ಮತ್ತೆ ಅವರನ್ನು ಕರೆಯಲಿಲ್ಲ. ಬಾಯ್ಕಾಟ್, ಎಡ್ರಿಚ್, ಲಕ್‌ಹರ್ಸ್ಟ್ ಎಂದು ಆರಂಭ ಆಟಗಾರರ ಸಾಲೇ ಇತ್ತು. ಸರಿ, ಒಂದು ಟೆಸ್ಟ್ ಆಡಿದೆನಲ್ಲ ಎಂದು ಸಮಾಧಾನ ಪಡೋಣವೆಂದರೆ, ಆಮೇಲೆ ಅಂತರರಾಷ್ಟ್ರೀಯ ಕ್ರಿಕೆಟಿನ ದೊಡ್ಡವರು ಕೂತು, ಆ ಐದು ಪಂದ್ಯಗಳು ಟೆಸ್ಟೇ ಅಲ್ಲ ಎಂದು ತೀರ್ಮಾನಿಸಿದರು. ಆ ಸರಣಿಯಲ್ಲಿ ಇಂಗ್ಲೆಂಡಿಗೆ ಆಡಿದ ಉಳಿದವರೆಲ್ಲರಿಗೂ ಹಿಂದೆಯೋ ಮುಂದೆಯೋ ಬೇರೆ ಟೆಸ್ಟುಗಳಿದ್ದವು. ಏನೂ ಇಲ್ಲದೆ ಉಳಿದವರು ಒಬ್ಬರೇ. ಐದು ರನ್ನೂ ಹೋಯಿತು, ಸೊನ್ನೆಯೂ ಹೋಯಿತು. ಸೊನ್ನೆಯನ್ನು ಕೂಡ ಕಿತ್ತುಕೊಳ್ಳಬಹುದು ಎಂದು ನನಗೆ ಗೊತ್ತಾದದ್ದು ಈ ಕಥೆಯಿಂದ!

'ನಿಯಮ ಅಂದ ಮೇಲೆ ನಿಯಮ ಕಣಯ್ಯಾ, ಟೆಸ್ಟ್ ಅಂದರೆ ಎರಡು ದೇಶಗಳ ನಡುವೆ' ಎಂದು ನೀವು ಹೇಳಬಹುದು. ನಾನೂ ಸುಮ್ಮನಿರುತ್ತಿದ್ದೆ, 2005ರ ಅಕ್ಟೋಬರ್ ಬಾರದೆ ಇದ್ದಿದ್ದರೆ. ಆ ತಿಂಗಳು ಸಿಡ್ನಿಯಲ್ಲಿ ಆಸ್ಟ್ರೇಲಿಯದ ಎದುರು 'ವಿಶ್ವ ಇಲೆವೆನ್' ಆಡಿತು. ಒಂದು ದೇಶ ಒಂದು ಕಡೆ, ಜಗತ್ತಿನ ಉಳಿದವರು ಇನ್ನೊಂದು ಕಡೆ, 1970ರದೇ ಅಚ್ಚು. ಇದು ಮಾತ್ರ ಟೆಸ್ಟ್ ಎಂದು ಅದೇ ದೊಡ್ಡವರ ಸಂಸ್ಥೆ ಮುದ್ರೆ ಒತ್ತಿತು. ಆ ವಿಶ್ವ ತಂಡದಲ್ಲಿ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಇದ್ದರು. ಹೊಡೆದದ್ದು 0 ಮತ್ತು 23. ದ್ರಾವಿಡರ ಟೆಸ್ಟ್ ರನ್ ಎಷ್ಟು ಎಂದು ಕೇಳಿದರೆ ನಾವೆಲ್ಲ ನಿದ್ದೆಯಲ್ಲೂ 13,288 ಎನ್ನುತ್ತೇವೆ. ಅದರಲ್ಲಿ ಭಾರತಕ್ಕಾಗಿ ಹೊಡೆದದ್ದು 13,265. ಉಳಿದ ಇಪ್ಪತ್ತಮೂರು ಆ ಸಿಡ್ನಿಯದು. ನಮ್ಮವರ ಇಪ್ಪತ್ತಮೂರು ಲೆಕ್ಕಕ್ಕುಂಟು, ಜೋನ್ಸರ ಐದು ಲೆಕ್ಕಕ್ಕಿಲ್ಲ. ಬಿಲ್ ಫ್ರಿಂಡಲ್ ಎಂಬ ಹೆಸರಾಂತ ಅಂಕಿ-ಅಂಶ ತಜ್ಞರು ಈ ಸಿಡ್ನಿ ಪಂದ್ಯವನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಲೇ ಇಲ್ಲ. ದ್ರಾವಿಡರ ಮೇಲೆ ನನಗೆ ದೇವರಷ್ಟು ಭಕ್ತಿ. ಆದರೂ ತಕ್ಕಡಿ ಒಂದೇ ಇರಬೇಕಲ್ಲ?

ಇನ್ನೊಂದು ಚುಚ್ಚುವ ಮಾತಿದೆ. ಜೋನ್ಸ್ ಹುಟ್ಟಿದ ವರ್ಷದಲ್ಲೇ, ಅದೇ ಸ್ವಾನ್ಸೀಯಲ್ಲಿ ಟೋನಿ ಲೂಯಿಸ್ ಹುಟ್ಟಿದರು. 1969ರ ಗ್ಲಾಮೊರ್ಗನ್ ತಂಡದ ನಾಯಕರು ಅವರೇ. ಲೂಯಿಸರಿಗೆ ಮೊದಲ ಟೆಸ್ಟ್ ಸಿಕ್ಕಿದ್ದು ನಮ್ಮ ದಿಲ್ಲಿಯಲ್ಲಿ, 1972ರ ಡಿಸೆಂಬರಿನಲ್ಲಿ. ಅದೂ ಇಂಗ್ಲೆಂಡಿನ ನಾಯಕರಾಗಿ! ಅವರಿಗಿಂತ ಎಷ್ಟೋ ಹೆಚ್ಚು ರನ್ ಹೊಡೆದ ಜೋನ್ಸ್ ಮನೆಯಲ್ಲಿದ್ದರು. ಲೂಯಿಸ್ ಕಳಪೆ ಆಟಗಾರರಲ್ಲ. ದಿಲ್ಲಿ ಗೆದ್ದರು, ಕಾನ್ಪುರದಲ್ಲಿ 125 ಹೊಡೆದರು. ಸರಣಿಯನ್ನು ನಾವು ಗೆದ್ದದ್ದು ನಮ್ಮ ಚಂದ್ರಶೇಖರರ 35 ವಿಕೆಟ್ಟುಗಳಿಂದ ಎನ್ನುವುದನ್ನು ಕನ್ನಡ ಸಂಘದಲ್ಲಿ ಹೇಳದೆ ಇರಲಾಗದು. ಆದರೆ ಒಂದೇ ಊರು, ಒಂದೇ ವಯಸ್ಸು, ಒಂದೇ ಡ್ರೆಸಿಂಗ್ ರೂಮು. ಒಬ್ಬರಿಗೆ ಸಿಂಹಾಸನ, ಇನ್ನೊಬ್ಬರಿಗೆ ಮೆಟ್ಟಿಲೂ ಇಲ್ಲ. ಇದನ್ನು ಹಣೆಬರಹ ಎನ್ನಿ, ಆಯ್ಕೆದಾರರ ಕೈಬರಹ ಎನ್ನಿ.

ಇಷ್ಟೆಲ್ಲ ಹೇಳಿದರೆ ನಮ್ಮ ನಡುವಿನ ವೇದಾಂತಿಗಳು ಒಂದು ಮಾತು ಎತ್ತುತ್ತಾರೆ: 'ನಿಜವಾದ ಆಟಗಾರನಿಗೆ ಮುದ್ರೆ ಯಾಕೆ ಮಾರಾಯಾ? ಆಡಿದ ಆನಂದ ಸಾಲದೆ?' ಈ ಮಾತು ಕೇಳಲು ಚೆನ್ನಾಗಿದೆ. ಆದರೆ ಇದನ್ನು ಹೇಳುವವರ ಮನೆಯ ಗೋಡೆಯಲ್ಲಿ ಸಾಮಾನ್ಯವಾಗಿ ಮೂರು ಸರ್ಟಿಫಿಕೇಟುಗಳಿಗೆ ಗಾಜು ಹಾಕಿಸಿರುತ್ತಾರೆ.

ನನ್ನ ಸೋದರಮಾವನ ಸಂಗತಿ ಹೇಳುತ್ತೇನೆ. ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಕಲಿತು, ಕೊನೆಗೆ ಒಂದು ಆಫೀಸಿನಲ್ಲಿ ಗುಮಾಸ್ತರಾದರು. 'ಟೆಂಪರರಿ' ಗುಮಾಸ್ತರು. ಆ ಟೆಂಪರರಿ ಇಪ್ಪತ್ತೆರಡು ವರ್ಷ ನಡೆಯಿತು. ನಮ್ಮ ಅತ್ತೆ ತಮಾಷೆಗೆ, 'ಮದುವೆಯಾದರೂ ಪರ್ಮನೆಂಟ್ ಮಾಡಿಕೊಂಡರಲ್ಲ, ಪುಣ್ಯ' ಎನ್ನುತ್ತಿದ್ದರು. ಮಾವನಿಗೆ ಆಡಲು ಬಾರದು; ಆದರೆ ಅಂಕಿ ಮುತ್ತಿನ ಹಾಗೆ. ಅದಕ್ಕೆ ಆಜಾದ್ ಮೈದಾನದಲ್ಲಿ ಆಫೀಸು ತಂಡದ ಪಂದ್ಯವಿದ್ದಾಗಲೆಲ್ಲ ಸ್ಕೋರ್ ಬರೆಯಲು ಅವರನ್ನೇ ಕೂರಿಸುತ್ತಿದ್ದರು. ತಂಡದ ಫೋಟೋ ತೆಗೆಯುವಾಗ ಮಾತ್ರ, ಟೆಂಪರರಿಯಾದ್ದರಿಂದ, ಅವರು ಫೋಟೋದವನ ಹಿಂದೆ ನಿಲ್ಲುತ್ತಿದ್ದರು.

ನಿವೃತ್ತಿಗೆ ಎರಡು ವರ್ಷವಿದ್ದಾಗ ಪರ್ಮನೆಂಟ್ ಆರ್ಡರ್ ಬಂತು. ಹಿಂದಿನ ವರ್ಷಗಳ ಬಾಕಿ ಏನೂ ಇಲ್ಲ. ಬರೀ ಒಂದು ಹಾಳೆ. ಮನೆಯಲ್ಲಿ ಅತ್ತೆ ಪಾಯಸ ಮಾಡಿದರು. ನಾನು ಕಾಲೇಜು ಸೇರಿದ ಹೊಸತು. ತಲೆಯಲ್ಲಿ ಸ್ವಲ್ಪ ಕ್ರಾಂತಿ ಇತ್ತು.

"ಮಾವಾ, ಈಗ ಬಂದು ಎಂತ ಪ್ರಯೋಜನ? ವಾಪಸು ಬಿಸಾಡಿ ಬರಬೇಕಿತ್ತು" ಎಂದೆ.

ಮಾವ ಪಾಯಸದ ಲೋಟ ಕೆಳಗಿಟ್ಟರು. "ಪ್ರಯೋಜನದ ಮಾತಲ್ಲ ಮಾರಾಯಾ. ಇಷ್ಟು ವರ್ಷ ನಾನು ಅಲ್ಲಿದ್ದೆ ಅಂತ ಅವರ ಕೈಯಿಂದಲೇ ಬರೆಸಿದೆನಲ್ಲ, ಅಷ್ಟು ಸಾಕು" ಎಂದರು. ಆಮೇಲೆ, ಇಪ್ಪತ್ತೆರಡು ವರ್ಷ ಬೇರೆಯವರ ರನ್ ಬರೆದವರ ಗತ್ತಿನಲ್ಲಿ, "ಬರೆಯದೆ ಬಿಟ್ಟದ್ದು ಆಗಲೇ ಇಲ್ಲ ಅಂತ ಆಗ್ತದೆ, ಗೊತ್ತುಂಟಾ?" ಎಂದು ಸೇರಿಸಿದರು.

ಆ ವೇದಾಂತಿಗಳಿಗೆ ನನ್ನ ಉತ್ತರ ಇಷ್ಟೇ. ಮುದ್ರೆ ಬೇಡ ಎನ್ನುವ ಹಕ್ಕು ಮುದ್ರೆ ಸಿಕ್ಕವನಿಗೆ ಮಾತ್ರ. ಸಿಗದವನಿಗೆ ಅದನ್ನು ಉಪದೇಶ ಮಾಡುವುದು, ಊಟವಾದವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದ ಹಾಗೆ.

ಜೋನ್ಸರ ಕಾಗದ ಐವತ್ತು ವರ್ಷ ತಡವಾಗಿ ಬಂತು. 2020ರ ಜೂನ್ 17. ಲಾರ್ಡ್ಸಿನ ಆ ಪಂದ್ಯ ಶುರುವಾಗಿ ಸರಿಯಾಗಿ ಅರ್ಧ ಶತಮಾನ. ಕೋವಿಡ್ ಕಾಲ, ಎಲ್ಲರೂ ಮನೆಯೊಳಗೆ. ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿ, ಎಂಬತ್ತೊಂದು ವರ್ಷದ ಜೋನ್ಸರಿಗೆ ಟೋಪಿ ಸಂಖ್ಯೆ 696 ಎಂದು ಕೊಟ್ಟಿತು. ಇಂಗ್ಲೆಂಡಿಗೆ ಟೆಸ್ಟ್ ಆಡಿದ ಪ್ರತಿಯೊಬ್ಬರಿಗೂ ಆಡಿದ ಕ್ರಮದಲ್ಲಿ ಹೀಗೊಂದು ಸಂಖ್ಯೆ ಇದೆ. ಈ 696ರ ಹಿಂದೆ ಮುಂದೆ ನಿಂತಿರುವ ಸಂಖ್ಯೆಗಳು ಜೋನ್ಸ್ ಆಟ ಬಿಟ್ಟ ಮೇಲೆ ಹುಟ್ಟಿದ ಹುಡುಗರವು. ಮೊಮ್ಮಕ್ಕಳ ಪಂಕ್ತಿಯಲ್ಲಿ ಅಜ್ಜನಿಗೆ ಎಲೆ ಹಾಕಿದ ಹಾಗೆ! ಹಾಗೆಂದು ಕೋಷ್ಟಕ ಬದಲಾಗಲಿಲ್ಲ. ಅಂತರರಾಷ್ಟ್ರೀಯ ದಾಖಲೆಯಲ್ಲಿ ಆ ಪಂದ್ಯಕ್ಕೆ ಟೆಸ್ಟ್ ಮಾನ್ಯತೆ ಬರಲಿಲ್ಲ. ಟೋಪಿ ಬಂತು, ಐದು ರನ್ ಬರಲಿಲ್ಲ. ಅರ್ಧ ನ್ಯಾಯ. ಆದರೆ ನನ್ನ ಮಾವನ ಪಾಯಸ ಉಂಡವನು ಅರ್ಧ ನ್ಯಾಯವನ್ನು ಹಗುರವಾಗಿ ಕಾಣಲಾರ.

ಅದೇ ವಾರ ನಮ್ಮ ದೇಶದಲ್ಲಿ ಇನ್ನೊಂದು ಸುದ್ದಿ ಬಂತು. ಜೂನ್ 21ರಂದು ರಾಜಿಂದರ್ ಗೋಯೆಲ್ ತೀರಿಕೊಂಡರು. ಹರಿಯಾಣದ ಎಡಗೈ ಸ್ಪಿನ್ನರ್. ಪ್ರಥಮ ದರ್ಜೆಯಲ್ಲಿ 750 ವಿಕೆಟ್, ರಣಜಿಯಲ್ಲಿ 637. ಬೇಡಿಯವರ ಕಾಲದಲ್ಲಿ ಹುಟ್ಟಿದ್ದೊಂದೇ ಅವರ ಅಪರಾಧ. 1974ರ ನವೆಂಬರಿನಲ್ಲಿ ಬೇಡಿ ತಂಡದಲ್ಲಿ ಇಲ್ಲದಾಗ ಗೋಯೆಲರನ್ನು ಕರೆದರು. ಪಂದ್ಯ ನಮ್ಮ ಬೆಂಗಳೂರಿನಲ್ಲಿ, ಆ ಊರಿನ ಮೊಟ್ಟಮೊದಲ ಟೆಸ್ಟ್. ಬಂದು ಕಾದು ಕೂತರು. ಆಡುವ ಹನ್ನೊಂದು ಮಂದಿಯಲ್ಲಿ ಅವರ ಹೆಸರು ಬರಲಿಲ್ಲ. ಮತ್ತೆ ಕರೆಯೂ ಬರಲಿಲ್ಲ. ನಮ್ಮ ಮುಂಬಯಿಯ ಪದ್ಮಾಕರ್ ಶಿವಾಲ್ಕರರದೂ ಇದೇ ಕಥೆ; 589 ವಿಕೆಟ್, ಟೆಸ್ಟ್ ಸೊನ್ನೆ. ಅವರೂ 2025ರಲ್ಲಿ ಹೋದರು.

ಜೋನ್ಸರಿಗೆ ಒಂದು ಪಂದ್ಯವಾದರೂ ಇತ್ತು. ಕಿತ್ತುಕೊಳ್ಳಲು, ಮತ್ತೆ ಕೊಡಲು ಏನೋ ಒಂದು ಇತ್ತು. ಗೋಯೆಲರಿಗೂ ಶಿವಾಲ್ಕರರಿಗೂ ಯಾವ ಮಂಡಳಿ ಯಾವ ಸಂಖ್ಯೆ ಕೊಡಬೇಕು? ಅವರ ಬಳಿ ಇದ್ದದ್ದು ರಣಜಿಯ ಬಿಸಿಲು, ಖಾಲಿ ಸ್ಟ್ಯಾಂಡು, ಮತ್ತು ಮೇಜಿನ ಹತ್ತಿರ ಕೂತು ಒಂದೊಂದು ಚೆಂಡಿಗೆ ಒಂದೊಂದು ಚುಕ್ಕೆ ಇಡುತ್ತಿದ್ದ ಸ್ಕೋರರು. ಗೆಳೆಯರೇ, ಕೋಷ್ಟಕಗಳನ್ನು ಓದುವಾಗ ಇನ್ನು ಮೇಲೆ ಹಿಂದಿನ ಪುಟಗಳಿಂದ ಶುರುಮಾಡಿ ಎನ್ನುವುದು ನನ್ನ ಬಿನ್ನಹ. ಆ ಚುಕ್ಕೆಗಳೆಲ್ಲ ಅಲ್ಲಿವೆ.